ಎರಡು ಸಲ ನೆಲಕ್ಕೆ ಬಿದ್ದವನು

ಈ ವಾರ ಬಲ್ಗೇರಿಯಾದ ಆಟಗಾರ ವಿಕ್ಟರ್ ಕ್ರಮ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಹ್ಯಾರಿ ಪಾಟರ್ ಕಥೆಗಳ ಪೊರಕೆಯಾಟ ಕ್ವಿಡಿಚ್‌ನ ನತದೃಷ್ಟರು ಎಂದೊಡನೆ ಎಲ್ಲರ ಬಾಯಿಗೆ ಬರುವ ಹೆಸರು ಅವನದೇ. 1994ರ ವಿಶ್ವಕಪ್ ಫೈನಲ್‌ನಲ್ಲಿ ಹಿಡಿದರೆ ಭಾರಿ ಅಂಕ ತಂದು ಆಟ ಮುಗಿಸುವ ಚೆಂಡು ಸ್ನಿಚ್ ಹಿಡಿದೂ ಸೋತ. ಬಲ್ಗೇರಿಯಾ 160, ಐರ್ಲೆಂಡ್ 170.

‘ಲೆಕ್ಕ ಬಾರದ ದಡ್ಡ’ ಎಂದು ಅವನನ್ನು ಜರಿಯುವವರ ಜೊತೆ ನನ್ನದು ಹಳೇ ಜಗಳ. ಸ್ಕೋರು 170ಕ್ಕೆ 10 ಆಗಿತ್ತು. ಐರ್ಲೆಂಡಿನ ಟ್ರಾಯ್, ಮಲೆಟ್, ಮೊರಾನ್ ಮೂವರೂ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದರು. ಆಟಗಾರರಿಗೆ ಬಡಿಯುವ ಚೆಂಡು ಬ್ಲಡ್ಜರ್ ಬಡಿದು ಕ್ರಮ್‌ನ ಮುಖವೆಲ್ಲ ರಕ್ತ. ರೆಫರಿ ಸೀಟಿ ಊದಲಿಲ್ಲ, ಪಾಪ, ಅವನ ಪೊರಕೆಗೇ ಬಲ್ಗೇರಿಯಾ ತಂಡದ ಮೋಹಿನಿಯರಲ್ಲಿ, ಅಂದರೆ ವೀಲಾಗಳಲ್ಲಿ, ಒಬ್ಬಳು ಬೆಂಕಿ ಹಚ್ಚಿದ್ದಳು. ಕಾದಷ್ಟೂ ಅಂತರ ಬೆಳೆಯುತ್ತಿತ್ತು. ಆಟ ಮುಗಿಸಿದ, ಸರಿಯಾಗಿಯೇ ಮುಗಿಸಿದ.

ಆದರೆ ನಿನ್ನೆ ರಾತ್ರಿ, ಬರಹ ಕಳಿಸುವ ಹೊತ್ತು ಮೀರುತ್ತಿದ್ದಾಗ, ‘ಗಾಬ್ಲೆಟ್ ಆಫ್ ಫೈರ್’ನ ಎಂಟನೇ ಅಧ್ಯಾಯ ಮತ್ತೆ ತೆರೆದೆ. ನಾವೆಲ್ಲ ತಪ್ಪು ಮನುಷ್ಯನಿಗೆ ಮರುಗಿದ್ದೇವೆ. ನತದೃಷ್ಟ ಎಂದರೆ ಐರ್ಲೆಂಡಿನ ಸೀಕರ್, ಅಂದರೆ ಸ್ನಿಚ್ ಹಿಡಿಯಬೇಕಾದವನು, ಏಡನ್ ಲಿಂಚ್.

ಮೊದಲು ವ್ರಾನ್‌ಸ್ಕಿ ಫೇಂಟ್ ಎಂಬ ಕಣ್ಕಟ್ಟು. ಸ್ನಿಚ್ ಕಂಡವನಂತೆ ಕ್ರಮ್ ನೆಲದತ್ತ ಧುಮುಕಿದ, ಲಿಂಚ್ ನಂಬಿ ಬೆನ್ನು ಹತ್ತಿದ. ಇನ್ನೇನು ನೆಲ ಎನ್ನುವಾಗ ಕ್ರಮ್ ಪೊರಕೆ ಮೇಲೆತ್ತಿಕೊಂಡು ಹೋದ. ಲಿಂಚ್ ಇಡೀ ಕ್ರೀಡಾಂಗಣಕ್ಕೆ ಕೇಳುವಂತೆ ಧೊಪ್ಪೆಂದು ಬಿದ್ದ. ಅವನಿಗೆ ಔಷಧಿ ಕುಡಿಸುತ್ತಿದ್ದಷ್ಟು ಹೊತ್ತೂ ಕ್ರಮ್ ಮೇಲೆ ಸುತ್ತುತ್ತ, ಅಡ್ಡಿ ಮಾಡುವವರಿಲ್ಲದೆ, ನಿಜವಾದ ಸ್ನಿಚ್ ಹುಡುಕುತ್ತಿದ್ದ! ಈ ಸಾಲು ಓದುವಾಗಲೆಲ್ಲ ನನಗೆ ಕ್ರಮ್ ಮೇಲೆ ಸಿಟ್ಟೂ ಬರುತ್ತದೆ, ಭಲೇ ಎನ್ನಲೂ ಮನಸ್ಸಾಗುತ್ತದೆ.

ಎರಡನೇ ಸಲ ಸ್ನಿಚ್ ಮೊದಲು ಕಂಡದ್ದು ಲಿಂಚ್‌ಗೆ. ಮೂಗು ಮುರಿದ ಕ್ರಮ್ ಹಿಂದಿನಿಂದ ಬಂದು ಸರಿಗಟ್ಟಿ ಸ್ನಿಚ್ ಹಿಡಿದ. ಲಿಂಚ್ ಮತ್ತೆ ನೆಲಕ್ಕೆ. ಅಷ್ಟು ಸಾಲದೆಂಬಂತೆ ರೊಚ್ಚಿಗೆದ್ದ ವೀಲಾಗಳ ಹಿಂಡು ಅವನನ್ನು ತುಳಿದೇ ಹೋಯಿತು. ಕಪ್ ಪಡೆಯುವಾಗ ಇಬ್ಬರು ಜೊತೆಗಾರರು ಹಿಡಿದು ನಿಲ್ಲಿಸಬೇಕಾಯಿತು, ಕಣ್ಣು ಎಲ್ಲೋ ನೆಟ್ಟಿತ್ತು. ಅಂದು ಕಿವಿಗಡಚಿಕ್ಕುವ ಜೈಕಾರ ಸಿಕ್ಕಿದ್ದು ಸೋತ ಕ್ರಮ್‌ಗೆ.

ಈ ಕಾದಂಬರಿಯ 2005ರ ಸಿನಿಮಾ ಪಂದ್ಯವನ್ನೇ ಎತ್ತಿಹಾಕಿತು. ಕ್ರಮ್‌ಗಾದರೂ ಮುಂದೆ ಬೇರೆ ದೃಶ್ಯಗಳಿದ್ದವು, ಲಿಂಚ್‌ಗೆ ಬೀಳುವ ಅವಕಾಶವೂ ಸಿಗಲಿಲ್ಲ. ಸಿನಿಮಾ ಮಾತ್ರ ನೋಡಿ ನನ್ನೊಡನೆ ವಾದಕ್ಕಿಳಿಯುವವರು ದಯವಿಟ್ಟು ಇದನ್ನು ಗಮನಿಸಿ.

ಸದಾ ಸೋಲುವ ಕ್ವಿಡಿಚ್ ತಂಡ ಚಡ್ಲಿ ಕ್ಯಾನನ್ಸ್‌ನ ಅಭಿಮಾನಿಗಳು ಪತ್ರ ಬರೆಯುವುದು ಬೇಡ. 1892ರಿಂದ ಲೀಗ್ ಗೆಲ್ಲದಿರುವುದು ದುರದೃಷ್ಟವಲ್ಲ, ಅಭ್ಯಾಸ. ಉಳಿದವರು ನತದೃಷ್ಟರ ಪಟ್ಟಿಯಲ್ಲಿ ಕ್ರಮ್ ಹೆಸರು ಹೊಡೆದು ಲಿಂಚ್ ಹೆಸರು ಬರೆದುಕೊಳ್ಳಿ.