ಆಮಿಷ್ ಪ್ರಣಯ ಕಾದಂಬರಿಗಳು: ವಾಸ್ತವತೆ ಮತ್ತು ಸಂಭಾವ್ಯತೆ

ಅಮೆರಿಕದ ಪುಸ್ತಕದಂಗಡಿಗಳಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ವಿಶಿಷ್ಟ ಬಗೆಯ ಕಾದಂಬರಿ ಹುಲುಸಾಗಿ ಬೆಳೆದಿದೆ. ಹೊದಿಕೆಯ ಮೇಲೆ ಬಿಳಿಯ ಶಿರೋವಸ್ತ್ರ ಧರಿಸಿದ ತರುಣಿ. ಹಿನ್ನೆಲೆಯಲ್ಲಿ ಹೊಲ ಮತ್ತು ಕುದುರೆಗಾಡಿ. ಒಳಗೆ ಸೌಮ್ಯವಾದ ಒಂದು ಪ್ರಣಯಕಥೆ. ಬೆವರ್ಲಿ ಲೂಯಿಸ್ ಅವರ ‘ದಿ ಷನಿಂಗ್’ (1997) ಈ ಪರಂಪರೆಗೆ ನಾಂದಿ ಹಾಡಿತೆನ್ನಬಹುದು. ಅದರ ಹತ್ತು ಲಕ್ಷಕ್ಕೂ ಮಿಕ್ಕ ಪ್ರತಿಗಳು ಮಾರಾಟವಾಗಿವೆ. 2012ರಲ್ಲಿ ಸರಿಸುಮಾರು ನಾಲ್ಕು ದಿನಗಳಿಗೊಂದರಂತೆ ಇಂಥ ಹೊಸ ಪುಸ್ತಕ ಹೊರಬರುತ್ತಿತ್ತೆಂಬುದು ವ್ಯಾಲೆರಿ ವೀವರ್-ಝರ್ಚರ್ ಅವರ 2013ರ ಅಧ್ಯಯನದಿಂದ ತಿಳಿಯುತ್ತದೆ. ಬರೆದವರಲ್ಲಿ ಬಹುಮಂದಿ ಆಮಿಷರಲ್ಲ. ಓದುವವರಲ್ಲಿಯೂ ಬಹುಮಂದಿ ಅಲ್ಲ. ಒಂದು ಜನಸಮುದಾಯವನ್ನು ಕುರಿತು ಹೊರಗಿನವರು ಹೊರಗಿನವರಿಗಾಗಿ ಬರೆದ ಸಾಹಿತ್ಯ ಇತಿಹಾಸದ ಅಭ್ಯಾಸಿಗಳಾದ ನಮಗೆ ಹೊಸತೇನಲ್ಲ. ವಿದೇಶೀ ಪ್ರವಾಸಿಯೊಬ್ಬನ ಕಥನವನ್ನು ಆಕರವೆಂದು ಸ್ವೀಕರಿಸುವ ಮೊದಲು ನಾವು ಕೇಳುವ ಪ್ರಶ್ನೆಗಳನ್ನು ಇಲ್ಲಿಯೂ ಕೇಳಬೇಕಾಗಿದೆ.

ಕನ್ನಡ ಕಿವಿಗೆ ಈ ಹೆಸರು ಬೇರೊಂದು ಅರ್ಥವನ್ನು ಸೂಚಿಸುವುದುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. 1525ರಲ್ಲಿ ಜೂರಿಚ್ ನಗರದಲ್ಲಿ, ಪ್ರಾಪ್ತವಯಸ್ಕರು ತಿಳಿದು ಒಪ್ಪಿ ಪಡೆದ ದೀಕ್ಷಾಸ್ನಾನವೇ ನಿಜವಾದುದೆಂದು ಸಾರಿದ ಒಂದು ಪಂಥ ಹುಟ್ಟಿತು. ಅದರ ಅನುಯಾಯಿಗಳಲ್ಲಿ 1693ರಲ್ಲಿ ಒಡಕುಂಟಾದಾಗ ಬಿಗಿಯಾದ ಶಿಸ್ತನ್ನು ಎತ್ತಿಹಿಡಿದವನು ಯಾಕೋಬ್ ಅಮ್ಮನ್. ಅವನ ಹೆಸರಿನಿಂದಲೇ ಆಮಿಷ್ ಎಂಬ ಸಂಜ್ಞೆ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಅವರು ಪೆನ್ಸಿಲ್ವೇನಿಯಕ್ಕೆ ವಲಸೆಹೋದರು. 1900ರ ಸುಮಾರಿಗೆ ಐದು ಸಾವಿರದಷ್ಟಿದ್ದ ಇವರ ಸಂಖ್ಯೆ 2024ರ ಹೊತ್ತಿಗೆ ನಾಲ್ಕು ಲಕ್ಷವನ್ನು ಮುಟ್ಟಿದೆ. ಈ ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ; ಮುಂದೆ ಇವುಗಳಿಂದ ನಮಗೆ ಪ್ರಯೋಜನವಿದೆ.

ಪ್ರಣಯ ಕಾದಂಬರಿಯನ್ನು ಇತಿಹಾಸದ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಕಾವ್ಯಕ್ಕೆ ತನ್ನದೇ ಆದ ಸತ್ಯವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಪುಸ್ತಕಗಳಲ್ಲಿ ಅನೇಕವು ಕಥೆಯೊಡನೆ ಒಂದು ಶಬ್ದಕೋಶವನ್ನು ಜೋಡಿಸುತ್ತವೆ; ಅಡುಗೆಯ ವಿಧಾನಗಳನ್ನು ಕೊಡುತ್ತವೆ; ಲೇಖಕಿಗೆ ಆ ಜನರ ಪರಿಚಯ ಎಷ್ಟು ನಿಕಟವಾದುದೆಂದು ಮುನ್ನುಡಿಯಲ್ಲಿ ತಿಳಿಸುತ್ತವೆ. ತಾನೇ ಸಾಕ್ಷಿಯ ಕಟ್ಟೆಯನ್ನೇರಿದ ಗ್ರಂಥವನ್ನು ಪಾಟೀಸವಾಲಿಗೆ ಗುರಿಪಡಿಸುವುದು ಅನ್ಯಾಯವಾಗದು.

ಬಾಹ್ಯ ವಿವರಗಳ ತಪ್ಪುಗಳನ್ನು ಹುಡುಕುವುದು ಸುಲಭ. ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿ ಗಾಡಿಯ ಮೇಲ್ಕಟ್ಟು ಬೂದುಬಣ್ಣದ್ದು. ಒಹಾಯೊದ ಹೋಮ್ಸ್ ಜಿಲ್ಲೆಯಲ್ಲಿ ಕಪ್ಪು. ಪೆನ್ಸಿಲ್ವೇನಿಯದ ಬಿಗ್ ವ್ಯಾಲಿ ಎಂಬ ಒಂದೇ ಕಣಿವೆಯಲ್ಲಿ ಹಳದಿ, ಬಿಳಿ, ಕಪ್ಪು ಮೂರೂ ಉಂಟು. ಶಿರೋವಸ್ತ್ರದ ಹೊಲಿಗೆಯೂ ಊರಿಂದೂರಿಗೆ ಬೇರೆ. ಶ್ರಮವಹಿಸುವ ಲೇಖಕಿಯರು ಇವನ್ನು ಸರಿಯಾಗಿಯೇ ಕೊಡುತ್ತಾರೆ, ಕೊಡದವರನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ.

ಭಾಷೆಯ ವಿಷಯ ಸ್ವಲ್ಪ ಹೆಚ್ಚು ಗಂಭೀರವಾದುದು. ಆಮಿಷರು ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯ ಜರ್ಮನ್ ಎಂಬ ಉಪಭಾಷೆ. ಆರಾಧನೆಯಲ್ಲಿ ಗ್ರಂಥಸ್ಥ ಜರ್ಮನ್. ಶಾಲೆಯಲ್ಲಿ, ಹೊರಗಿನವರೊಡನೆ ಇಂಗ್ಲಿಷು. ಕಾದಂಬರಿಯ ಪ್ರಣಯಿಗಳಾದರೋ ಇಂಗ್ಲಿಷಿನಲ್ಲಿ ಮಾತನಾಡುತ್ತ ನಡುನಡುವೆ ‘ಆಖ್’, ‘ವಂಡರ್‌ಫುಲ್-ಗುಟ್’ ಎಂದು ಉದ್ಗರಿಸುತ್ತಾರೆ. ಇಬ್ಬರೂ ಒಂದೇ ಮನೆಮಾತಿನವರಾಗಿದ್ದಾಗ ಅವರ ಸಂಭಾಷಣೆಯೆಲ್ಲ ಆ ಮಾತಿನಲ್ಲಿಯೇ ನಡೆಯುತ್ತದೆ. ಇಂಗ್ಲಿಷು ಕೇವಲ ಲೇಖಕಿಯ ಅನುವಾದವಷ್ಟೆ. ಹಾಗಿರುವಾಗ ಹತ್ತರಲ್ಲಿ ಒಂದು ಮಾತು ಮಾತ್ರ ಅನುವಾದವಾಗದೆ ಉಳಿಯುವುದಕ್ಕೆ ಕಾರಣವೇನು? ಆಡುವವರ ನಾಲಗೆಯಲ್ಲಿ ಕಾರಣವಿಲ್ಲ, ಓದುವವರ ಕುತೂಹಲದಲ್ಲಿದೆ. ಭಾಷೆ ಇಲ್ಲಿ ವೇಷಭೂಷಣವಾಗಿದೆ.

ಬಹಿಷ್ಕಾರದ ಚಿತ್ರಣದಲ್ಲಿ ಈ ದೋಷ ಇನ್ನೂ ಆಳಕ್ಕೆ ಇಳಿಯುತ್ತದೆ. ‘ದಿ ಷನಿಂಗ್’ ಕಾದಂಬರಿಯ ನಾಯಕಿ ಕೇಟಿ ಲ್ಯಾಪ್ ಹಾಡು ಗಿಟಾರುಗಳ ಮೋಹವುಳ್ಳವಳು. ತಾನು ದತ್ತುಮಗಳೆಂಬುದು ಅವಳಿಗೆ ತಿಳಿಯುತ್ತದೆ. ವಿಧುರನಾದ ಬಿಷಪ್ಪನೊಡನೆ ಮದುವೆ ನಡೆಯಬೇಕಾದ ದಿನವೇ ಅವಳು ಅಲ್ಲಿಂದ ಹೊರಟುಹೋಗುತ್ತಾಳೆ, ಬಳಿಕ ಬಹಿಷ್ಕೃತಳಾಗುತ್ತಾಳೆ. ತಾಯಿಯ ಸಂಕಟವನ್ನು ಲೇಖಕಿ ಮನಮುಟ್ಟುವಂತೆ ಬರೆದಿದ್ದಾರೆ. ಪುಸ್ತಕದ ಅತ್ಯುತ್ತಮ ಪುಟಗಳು ಅವೇ. ಆದರೆ ವರನೂ ಬಿಷಪ್ಪನೂ ಒಬ್ಬನೇ ಆದುದರಿಂದ, ಶಿಕ್ಷೆಯ ಹಿಂದೆ ಅವಮಾನಿತನಾದ ಒಬ್ಬ ಪುರುಷನಿದ್ದಾನೆಂಬ ಭಾವ ಓದುಗನಲ್ಲಿ ತಾನಾಗಿ ಮೂಡುತ್ತದೆ. ಈ ಜಾತಿಯ ಕಥೆಗಳಲ್ಲಿ ನಿಷ್ಠುರ ಬಿಷಪ್ ಒಂದು ಸಿದ್ಧಪಾತ್ರವೇ ಆಗಿಹೋಗಿದ್ದಾನೆ. ವಸ್ತುಸ್ಥಿತಿ ಬೇರೆ. ಆಮಿಷ್ ಬಿಷಪ್ ವಿದ್ಯಾಪೀಠದಲ್ಲಿ ಕಲಿತು ಬಂದ ಅಧಿಕಾರಿಯಲ್ಲ. ಸಭೆ ಸೂಚಿಸಿದ ಪುರುಷರ ಮುಂದೆ ಸ್ತೋತ್ರಗ್ರಂಥಗಳನ್ನಿಟ್ಟು, ಅವುಗಳಲ್ಲೊಂದರೊಳಗೆ ಚೀಟಿ ಅಡಗಿಸಿ ಬೋಧಕನನ್ನು ಆರಿಸುತ್ತಾರೆ. ಬೋಧಕರಲ್ಲೊಬ್ಬ ಹೀಗೆಯೇ ಬಿಷಪ್ಪನಾಗುತ್ತಾನೆ. ಸಂಬಳವಿಲ್ಲ. ಬಹಿಷ್ಕಾರಕ್ಕೆ ಸ್ತ್ರೀಯರೂ ಸೇರಿದಂತೆ ದೀಕ್ಷಿತ ಸದಸ್ಯರೆಲ್ಲರ ಸಮ್ಮತಿಯನ್ನು ಕೇಳುವುದು ರೂಢಿ. ತಪ್ಪೊಪ್ಪಿ ಮರಳಿದವರನ್ನು ಸಭೆ ಮತ್ತೆ ಸೇರಿಸಿಕೊಳ್ಳುತ್ತದೆ. ದೀಕ್ಷೆ ಪಡೆಯುವ ಮುನ್ನವೇ ಸಮುದಾಯವನ್ನು ತೊರೆದವರಿಗೆ ಈ ಶಿಕ್ಷೆಯೇ ಇಲ್ಲ.

‘ಬಹಿಷ್ಕಾರ’ವೆಂಬ ಮಾತನ್ನು ನಾವು ಬೇರೆ ದಾರಿಯಿಲ್ಲದೆ ಬಳಸುತ್ತಿದ್ದೇವೆ. ನಮ್ಮಲ್ಲಿ ಅದು ಜಾತಿಯನ್ನು ನೆನಪಿಗೆ ತರುತ್ತದೆ. ಜಾತಿ ಹುಟ್ಟಿನಿಂದ ಬರುವಂಥದು. ಆಮಿಷರ ಶಿಕ್ಷೆ ವಚನಭಂಗಕ್ಕೆ ಸಂಬಂಧಿಸಿದುದು: ಪ್ರಾಪ್ತವಯಸ್ಸಿನಲ್ಲಿ ಮೊಣಕಾಲೂರಿ ಕೊಟ್ಟ ಮಾತನ್ನು ಮುರಿದವರಿಗೆ ಮಾತ್ರ ವಿಧಿಸುವಂಥದು. ಈ ಭೇದವನ್ನು ಬಿಟ್ಟುಕೊಟ್ಟ ಕಾದಂಬರಿಕಾರ್ತಿ ದುರಂತದ ಬೀಜವನ್ನೇ ಕಳೆದುಕೊಳ್ಳುತ್ತಾಳೆ. ದುಷ್ಟ ಬಿಷಪ್ಪನೊಬ್ಬನಿಂದ ಹಿಂಸೆಗೊಳಗಾದ ಹುಡುಗಿಯ ಕಥೆ ಕರುಣೆ ಹುಟ್ಟಿಸಬಹುದು; ಆದರೆ ತನ್ನನ್ನು ಪ್ರೀತಿಸುವ ನೂರಾರು ಜನರು ತನ್ನದೇ ಮಾತನ್ನು ಹಿಡಿದು ತನ್ನನ್ನು ದೂರವಿಟ್ಟಾಗ ಒಬ್ಬಳು ಪಡುವ ಪಾಡಿಗೆ ಹೋಲಿಸಿದರೆ ಅದು ಸಣ್ಣ ಕಥೆ.

ಈ ಕಾದಂಬರಿಗಳ ಪ್ರಕಾಶಕರಲ್ಲಿ ಬಹುಪಾಲು ಅಮೆರಿಕದ ಇವಾಂಜೆಲಿಕಲ್ ಕ್ರೈಸ್ತ ಸಂಸ್ಥೆಗಳೆಂಬುದು ಆಕಸ್ಮಿಕವಲ್ಲ. ನಾಯಕಿ ಕಥೆಯ ಕೊನೆಯಲ್ಲಿ ದೇವರೊಡನೆ ಏಕಾಂತದ, ವೈಯಕ್ತಿಕವಾದ ಸಂಬಂಧವನ್ನು ಕಂಡುಕೊಳ್ಳುತ್ತಾಳೆ. ತನಗೆ ಮೋಕ್ಷ ನಿಶ್ಚಿತವೆಂದು ಅರಿಯುತ್ತಾಳೆ. ಬಹುಮಾನವೆಂಬಂತೆ ವರನೂ ದೊರೆಯುತ್ತಾನೆ. ಹಳೆಯ ಕಟ್ಟಿನ ಆಮಿಷರಲ್ಲಿ ಮೋಕ್ಷ ತನಗೆ ನಿಶ್ಚಿತವೆಂದು ಸಾರುವುದೇ ಅಹಂಕಾರ. ಅವರು ‘ಭರವಸೆ’ ಎನ್ನುತ್ತಾರೆ, ‘ನಿಶ್ಚಯ’ ಎನ್ನುವುದಿಲ್ಲ. ‘ಗೆಲಾಸೆನ್‌ಹೈಟ್’ ಎಂದು ವಿದ್ವಾಂಸರು ಕರೆಯುವ ಶರಣಾಗತಿ ಅವರ ಬಾಳಿನ ಮೂಲಸೂತ್ರ: ದೇವರಿಗೆ, ಸಭೆಗೆ, ಹಿರಿಯರಿಗೆ ತನ್ನ ಇಚ್ಛೆಯನ್ನು ಒಪ್ಪಿಸುವುದು. ಆ ಉಡುಪಿನೊಳಗೆ ಕಾದಂಬರಿಕಾರ್ತಿಯರು ಇಟ್ಟಿರುವುದು ಬೇರೊಂದು ಪಂಥದ ಹೃದಯವನ್ನು. ನಮ್ಮ ಆಲಂಕಾರಿಕರು ಔಚಿತ್ಯಭಂಗವೆಂದು ಕರೆದದ್ದು ಇದನ್ನೇ. ಗಾಡಿಯ ಬಣ್ಣ ತಪ್ಪಿದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು, ಇದನ್ನು ತಿದ್ದಲು ಕಥೆಯನ್ನೇ ಬೇರೆಯಾಗಿ ಬರೆಯಬೇಕು.

ಮೇಲೆ ಹೇಳಿದ ಅಂಕಿಗಳ ಪ್ರಯೋಜನ ಇಲ್ಲಿದೆ. ಆಮಿಷ್ ಮಕ್ಕಳಲ್ಲಿ ನೂರಕ್ಕೆ ಸುಮಾರು 85 ಮಂದಿ ದೀಕ್ಷೆ ಪಡೆದು ಅಲ್ಲಿಯೇ ಉಳಿಯುತ್ತಾರೆ. ‘ಹೋಗಲೇ, ಇರಲೇ’ ಎಂಬ ತೊಳಲಾಟ ಕಾದಂಬರಿಗೆ ಅನುಕೂಲವಾದ ವಸ್ತು, ನಿಜ. ಆದರೆ ಉಳಿಯುವವರು ಏಕೆ ಉಳಿಯುತ್ತಾರೆಂಬುದನ್ನು ನಂಬುವಂತೆ ಹೇಳಿದ ಪುಸ್ತಕಗಳು ವಿರಳ. ಹಾಗೆಯೇ, ಲ್ಯಾಂಕಾಸ್ಟರ್ ಮತ್ತು ಹೋಮ್ಸ್ ಜಿಲ್ಲೆಗಳಲ್ಲಿ ಇಂದು ಬೇಸಾಯದಿಂದ ಬದುಕುವ ಕುಟುಂಬಗಳು ಅರ್ಧಕ್ಕಿಂತ ಕಡಮೆ. ಮರಗೆಲಸ, ಕಟ್ಟಡದ ಕೆಲಸ, ಸಣ್ಣ ಕಾರ್ಖಾನೆಗಳು ಉಳಿದವರ ಜೀವನೋಪಾಯ. ಕಾದಂಬರಿಯ ನಾಯಕನಾದರೋ ಇನ್ನೂ ಹೊಲವನ್ನೇ ಉಳುತ್ತಿದ್ದಾನೆ.

ಇದರಿಂದ ಯಾರಿಗೇನು ನಷ್ಟವೆಂದು ಕೇಳಬಹುದು. 1965ರಲ್ಲಿ ಅಯೋವ ಸಂಸ್ಥಾನದಲ್ಲಿ ಆಮಿಷ್ ಮಕ್ಕಳನ್ನು ಬಲವಂತವಾಗಿ ಸರಕಾರೀ ಶಾಲೆಗೆ ಒಯ್ಯಲು ಅಧಿಕಾರಿಗಳು ಬಂದಾಗ, ಮಕ್ಕಳು ಜೋಳದ ಹೊಲದತ್ತ ಓಡುತ್ತಿದ್ದ ಒಂದು ಛಾಯಾಚಿತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಲೋಕಾಭಿಪ್ರಾಯ ಅವರತ್ತ ಒಲಿಯಿತು. 1972ರಲ್ಲಿ ಯೋಡರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಎಂಟನೆಯ ತರಗತಿಯ ನಂತರ ತಮ್ಮ ಮಕ್ಕಳನ್ನು ಶಾಲೆಗೆ ಕಳಿಸದಿರುವ ಸ್ವಾತಂತ್ರ್ಯವನ್ನು ಆಮಿಷರಿಗೆ ಎತ್ತಿಹಿಡಿಯಿತು. ತಮ್ಮ ಪರವಾಗಿ ವಾದಿಸಲು ನ್ಯಾಯಾಲಯದ ಮೆಟ್ಟಿಲೇರಲು ಹಿಂಜರಿಯುವ ಜನರಿವರು. ಅವರ ಸ್ಥಿತಿಗತಿ ಬಹುಮಟ್ಟಿಗೆ ನೆರೆಯವರ ಮನಸ್ಸಿನಲ್ಲಿರುವ ಚಿತ್ರವನ್ನು ಅವಲಂಬಿಸಿದೆ. ಆ ಚಿತ್ರವನ್ನು ಇಂದು ಬರೆಯುತ್ತಿರುವವರಲ್ಲಿ ಈ ಕಾದಂಬರಿಗಳೂ ಸೇರಿವೆ.

ಬೇರೆ ದಾರಿ ಇಲ್ಲದಿಲ್ಲ. ಆಮಿಷ್ ಮನೆಯಲ್ಲಿ ಹುಟ್ಟಿ ಬೆಳೆದ ಜೋಸೆಫ್ ಯೋಡರ್ 1940ರಲ್ಲಿಯೇ ತನ್ನ ತಾಯಿಯ ಬಾಳನ್ನು ‘ರೊಸಾನ ಆಫ್ ದಿ ಆಮಿಷ್’ ಎಂಬ ಹೆಸರಿನಲ್ಲಿ ಬರೆದನು. ರೊಸಾನ ಐರಿಷ್ ಮೂಲದ ಅನಾಥ ಮಗು. ಆಮಿಷರಲ್ಲಿ ಬೆಳೆದು ಅವರಲ್ಲಿಯೇ ಉಳಿದವಳು. ಕಥನಕೌಶಲ ಸಾಧಾರಣವಾದುದು; ಕೆಲವೆಡೆ ತೀರ ಒರಟು. ಆದರೂ ಅಲ್ಲಿಯ ಪ್ರತಿಯೊಂದು ಸಂಗತಿಗೂ ಒಂದು ಕಣಿವೆಯ ಗುರುತಿದೆ. ನಮ್ಮ ಕಾಲದ ಲಿಂಡ ಬೈಲರ್ ಸ್ವತಃ ಆಮಿಷ್ ಸಮುದಾಯದವರು. ಅವರ ಲಿಜ್ಜಿ ಮುಂಗೋಪಿ, ತಿನ್ನುವುದರಲ್ಲಿ ಆಸೆಯುಳ್ಳವಳು; ಅವಳಿಗೆ ಸಮುದಾಯವನ್ನು ಬಿಡುವ ಪ್ರಶ್ನೆ ಏಳುವುದಕ್ಕಿಂತ ಹೆಚ್ಚಾಗಿ ಬೆಳಗಿನ ಕೆಲಸ ತಪ್ಪಿಸಿಕೊಳ್ಳುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಪ್ರಣಯವೂ ಅಲ್ಲಿದೆ, ಭಾನುವಾರ ಸಂಜೆಯ ಹಾಡುಗಾರಿಕೆಯ ಕೂಟದಿಂದ ಹುಡುಗ ಹುಡುಗಿಯನ್ನು ಗಾಡಿಯಲ್ಲಿ ಮನೆಗೆ ಬಿಡುವ ಪದ್ಧತಿಯೂ ಇದೆ. ಆದರೆ ಅವನ್ನು ಯಾರಿಗೂ ವಿವರಿಸಬೇಕಾಗಿಲ್ಲವೆಂಬಂತೆ ಲೇಖಕಿ ಹೇಳುತ್ತ ಹೋಗುತ್ತಾರೆ.