ಚದರದ ದರ ಲೆಕ್ಕಕ್ಕೆ ತೆಗೆದುಕೊಳ್ಳದ ಮನೆ

ಬೆಂಗಳೂರು, ಮೈಸೂರು, ತುಮಕೂರಿನ ಕಡೆ ಮನೆ ಕಟ್ಟಿಸಲು ಹೊರಟವರಿಗೆ ನೆಂಟರಿಷ್ಟರು ಮೊದಲು ಕೇಳುವುದು, ‘ಚದರಕ್ಕೆ ಎಷ್ಟಕ್ಕೆ ಮಾತಾಯಿತು?’ ಎಂದು. ನೂರು ಚದರ ಅಡಿಗೆ ಒಂದು ಚದರ. 30×40ರ ನಿವೇಶನದಲ್ಲಿ ಸುತ್ತ ಬಿಡಬೇಕಾದ ಜಾಗ ಬಿಟ್ಟರೆ ಒಂದು ಅಂತಸ್ತಿಗೆ ಎಂಟೋ ಒಂಬತ್ತೋ ಚದರ ಉಳಿಯುತ್ತದೆ. ಅದನ್ನು ದರದಿಂದ ಗುಣಿಸಿದರೆ ಮನೆಯ ಬೆಲೆ. ಗುತ್ತಿಗೆದಾರರನ್ನು ಹೋಲಿಸುವುದು ಈ ಒಂದು ಸಂಖ್ಯೆಯಿಂದ, ಸಾಲದ ಮೊತ್ತ ಲೆಕ್ಕ ಹಾಕುವುದೂ ಇದರಿಂದಲೇ. ಸ್ವಂತ ಮನೆಯ ಬಗ್ಗೆ ನಾವು ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಅತಿ ಹೆಚ್ಚು ಹಾನಿ ಮಾಡುತ್ತಿರುವುದು ಈ ಪದ್ಧತಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದ್ಧತಿಗೆ ಸಲ್ಲಬೇಕಾದ ನ್ಯಾಯವನ್ನು ಮೊದಲು ಸಲ್ಲಿಸೋಣ. ಸಂಬಳದ ಮೇಲೆ ಬದುಕುವ ಕುಟುಂಬಕ್ಕೆ ಒಟ್ಟು ಖರ್ಚಿನ ಅಂದಾಜು ಮೊದಲೇ ಬೇಕು. ಸಿಮೆಂಟು, ಕಂಬಿ, ಜಲ್ಲಿ, ಎಂ-ಸ್ಯಾಂಡ್ ಎಲ್ಲವನ್ನೂ ತಾವೇ ತರಿಸಿ ಮೇಸ್ತ್ರಿಗೆ ಕೂಲಿ ಗುತ್ತಿಗೆ ಮಾತ್ರ ಕೊಡುವುದಾದರೆ ಮನೆಯವರಲ್ಲಿ ಒಬ್ಬರು ದಿನವಿಡೀ ಸೈಟಿನಲ್ಲಿ ನಿಲ್ಲಬೇಕು. ಅಷ್ಟು ಬಿಡುವು ಎಲ್ಲರಿಗೂ ಇರುವುದಿಲ್ಲ. ಒಂದೇ ದರದ ಗುತ್ತಿಗೆ ಆ ಹೊರೆಯನ್ನು ಇಳಿಸುತ್ತದೆ. ಹಾಗಿದ್ದೂ ಆ ದರ ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ದರ ಅಳೆಯುವುದು ನೆಲವನ್ನು, ಖರ್ಚಾಗುವುದು ಹೆಚ್ಚಾಗಿ ಗೋಡೆ, ಪಾಯ ಮತ್ತು ತಾರಸಿಗೆ. ಹತ್ತು ಚದರದ ಎರಡು ಮನೆಗಳನ್ನು ತೆಗೆದುಕೊಳ್ಳಿ. ಒಂದು 25×40, ಇನ್ನೊಂದು 20×50. ಮೊದಲನೆಯದರ ಸುತ್ತಳತೆ 130 ಅಡಿ, ಎರಡನೆಯದರದು 140. ಹತ್ತಡಿ ಎತ್ತರದ ಗೋಡೆಯಾದರೆ ಎರಡನೆಯ ಮನೆಗೆ ಹೊರಗೋಡೆಯೊಂದರಲ್ಲೇ 100 ಚದರ ಅಡಿ ಹೆಚ್ಚು ಕಟ್ಟಬೇಕು, ಎರಡೂ ಮೈಗೆ ಗಾರೆ ಬಳಿಯಬೇಕು, ಬಣ್ಣ ಹೊಡೆಯಬೇಕು. ಒಳಗೆ ಕೋಣೆಗಳು ಹೆಚ್ಚಾದಂತೆ ವ್ಯತ್ಯಾಸ ಇನ್ನೂ ಬೆಳೆಯುತ್ತದೆ. ಚದರದ ದರಕ್ಕೆ ಮಾತ್ರ ಎರಡೂ ಒಂದೇ. ಹೆಚ್ಚುವರಿ ಗೋಡೆಯ ಹಣವನ್ನು ಗುತ್ತಿಗೆದಾರ ಎಲ್ಲಿಂದಾದರೂ ತುಂಬಿಕೊಳ್ಳಲೇಬೇಕು, ಆ ಜಾಗ ಮನೆಯವರ ಕಣ್ಣಿಗೆ ಬೀಳದ ಕಡೆಯೇ ಆಗಿರುತ್ತದೆ. ಅಳತೆಯಲ್ಲೂ ತಕರಾರು. ಬಾಲ್ಕನಿ ಪೂರ್ತಿ ಲೆಕ್ಕವೋ ಅರ್ಧವೋ? ತಾರಸಿಯ ಮೇಲಿನ ಮೆಟ್ಟಿಲ ಕೋಣೆ ಸೇರುತ್ತದೆಯೋ? ಸಂಪು, ಕಾಂಪೌಂಡು, ಗೇಟು, ನೀರು ಮತ್ತು ವಿದ್ಯುತ್ ಸಂಪರ್ಕದ ಖರ್ಚು ಬಹಳ ಸಲ ದರದ ಹೊರಗೇ ಉಳಿದು, ಹಣ ಮುಗಿಯುತ್ತಾ ಬಂದ ಹೊತ್ತಿಗೆ ಒಂದೊಂದಾಗಿ ತಲೆಯೆತ್ತುತ್ತವೆ.

ಇದಕ್ಕಿಂತ ದೊಡ್ಡ ದೋಷ ಕರಾರುಪತ್ರದಲ್ಲಿದೆ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬ್ರ್ಯಾಂಡುಗಳ ಪಟ್ಟಿ: ಯಾವ ಕಂಪನಿಯ ಸಿಮೆಂಟು, ಯಾವ ಕಂಬಿ, ಯಾವ ನಲ್ಲಿ, ಟೈಲ್ಸಿಗೆ ಅಡಿಗೆ ಎಷ್ಟು ರೂಪಾಯಿಯವರೆಗೆ. ಅಂಗಡಿಯಿಂದ ತರುವ ವಸ್ತುಗಳೆಲ್ಲ ಅದರಲ್ಲಿ ಬರೆದಿರುತ್ತವೆ. ಸೈಟಿನಲ್ಲಿ ಕೈಯಿಂದ ಮಾಡುವ ಕೆಲಸದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮನೆ ನಿಲ್ಲುವುದೋ ಸೋರುವುದೋ ತೀರ್ಮಾನವಾಗುವುದು ಆ ಬರೆಯದ ಭಾಗದಲ್ಲಿ.

ತಾರಸಿಗೆ ಕಾಂಕ್ರೀಟು ಹಾಕುವ ದಿನವನ್ನೇ ನೋಡಿ. ಕಂಬಿ ಸೇರಿದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ಕನಿಷ್ಠ ಎಂ20 ದರ್ಜೆ ಬೇಕೆನ್ನುತ್ತದೆ. ಸೈಟಿನಲ್ಲೇ ಕಲಸುವಾಗ ರೂಢಿಯ ಮಿಶ್ರಣ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. 50 ಕಿಲೋ ಮೂಟೆಯೊಂದಕ್ಕೆ ನೀರು 30 ಲೀಟರ್ ಮೀರಬಾರದು, ಮರಳಿನಲ್ಲಿ ಮೊದಲೇ ಇರುವ ತೇವವನ್ನೂ ಇದರಲ್ಲೇ ಹಿಡಿಯಬೇಕು. ಸೈಟಿನಲ್ಲಿ ನಡೆಯುವುದು ಬೇರೆ. ಆಳುಗಳ ತಂಡಕ್ಕೆ ಒಟ್ಟು ಕೆಲಸಕ್ಕೆ ಇಷ್ಟೆಂದು ಹಣ ಮಾತಾಗಿರುತ್ತದೆ, ಬೇಗ ಮುಗಿದಷ್ಟೂ ಅವರಿಗೆ ಲಾಭ. ನೀರು ಹೆಚ್ಚು ಸುರಿದರೆ ಕಾಂಕ್ರೀಟು ತಾನೇ ಹರಿದುಕೊಂಡು ಹೋಗಿ ಕೂರುತ್ತದೆ, ಸಲಿಕೆಗೆ ಭಾರವಾಗುವುದಿಲ್ಲ. ಹೀಗೆ ಮಿಕ್ಸರಿಗೆ ಒಂದೊಂದು ಬಕೆಟ್ ಹೆಚ್ಚಾಗುತ್ತದೆ. ಆ ಹೆಚ್ಚುವರಿ ನೀರು ಮುಂದೆ ಆರಿದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳನ್ನು ಬಿಡುತ್ತದೆ. ಕಾಂಕ್ರೀಟಿನ ಬಲ ತಗ್ಗುತ್ತದೆ, ಮಳೆಯ ನೀರು ಒಳಗಿಳಿದು ಕಂಬಿಯನ್ನು ಮುಟ್ಟುತ್ತದೆ. ಅತಿ ದುಬಾರಿ ಸಿಮೆಂಟು ತಂದಿದ್ದರೂ ಇದು ತಪ್ಪುವುದಿಲ್ಲ. ತಡೆಯಲು ಬೇಕಾದುದು ಅಳತೆಯ ಒಂದು ಬಕೆಟ್ಟು ಮತ್ತು ಮಿಕ್ಸರಿನ ಪಕ್ಕ ನಿಂತು ಲೆಕ್ಕ ಇಡುವ ಒಬ್ಬರು. ಅಷ್ಟನ್ನು ಕರಾರಿನಲ್ಲಿ ಬರೆಯಿಸಿದವರು ಎಷ್ಟು ಮಂದಿ?

ಕ್ಯೂರಿಂಗ್ ವಿಷಯದಲ್ಲಿ ನಿರ್ಲಕ್ಷ್ಯ ಇನ್ನೂ ಹೆಚ್ಚು. ಇಂದು ಮನೆಗಳಿಗೆ ಬಹುಪಾಲು ಬಳಕೆಯಾಗುವುದು ಹಾರುಬೂದಿ ಬೆರೆತ ಸಿಮೆಂಟು. ಅದು ಬಲ ಪಡೆಯುವುದು ನಿಧಾನ. ಹಾಗಾಗಿ ಕನಿಷ್ಠ 10 ದಿನ ಒದ್ದೆಯಾಗಿಡಬೇಕು, 14 ದಿನ ಇಟ್ಟರೆ ಒಳ್ಳೆಯದು ಎನ್ನುತ್ತದೆ ಅದೇ ಮಾನಕ. ತಾರಸಿಯ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸುವುದು ಎಲ್ಲ ಕಡೆ ನಡೆಯುತ್ತದೆ, ಯಾಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಇಡೀ ಮನೆಯ ಭಾರ ಹೊರುವ ಕಂಬಗಳಿಗೆ ಗೋಣಿತಾಟು ಸುತ್ತಿ ದಿನಕ್ಕೆ ಮೂರು ನಾಲ್ಕು ಸಲ ನೀರುಣಿಸುವವರು ಕಡಿಮೆ. ಗುತ್ತಿಗೆದಾರ ಅದು ಕಾವಲುಗಾರನ ಕೆಲಸ ಎನ್ನುತ್ತಾನೆ, ಕಾವಲುಗಾರ ಟ್ಯಾಂಕರು ಬಂದಿಲ್ಲ ಎನ್ನುತ್ತಾನೆ, ನೀರು ತರಿಸುವ ಹೊಣೆ ಯಾರದೆಂದು ಕರಾರಿನಲ್ಲಿ ಇಲ್ಲ. ಸಾಲಿಡ್ ಬ್ಲಾಕ್ ಗೋಡೆಗಳ ಬಿರುಕಿಗೂ ಇದೇ ಬಗೆಯ ಕಾರಣ. ಸರಿಯಾಗಿ ನೀರು ಕಾಣದ ಹಸಿ ಬ್ಲಾಕುಗಳನ್ನು ತಂದು ಕಟ್ಟಿದರೆ ಅವು ಆರುತ್ತಾ ಕುಗ್ಗುತ್ತವೆ, ಕಂಬ ಮತ್ತು ಗೋಡೆ ಕೂಡುವಲ್ಲಿ ಗಾರೆ ಸೀಳುತ್ತದೆ. ಆ ಸಂದಿಗೆ ಜಾಲರಿ ಬಡಿದು ಗಾರೆ ಬಳಿಯುವುದು ಅಗ್ಗದ ಕೆಲಸ. ಚದರದ ದರದಲ್ಲಿ ಅದಕ್ಕೂ ಕತ್ತರಿ.

ಇನ್ನು ಮಣ್ಣು. ‘ಐದಡಿ ಪಾಯ ದರದಲ್ಲಿ ಸೇರಿದೆ, ಮೇಲೆ ಹೋದರೆ ಎಕ್ಸ್‌ಟ್ರಾ’ ಎನ್ನುವ ಮಾತು ನೆಲ ನೋಡದೆ ಆಡಿದ ಮಾತು. ಗದಗ, ಧಾರವಾಡ, ವಿಜಯಪುರದ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅದರೊಡನೆ ಪಾಯವೂ ಏಳುತ್ತದೆ, ಇಳಿಯುತ್ತದೆ. ಅಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಉಬ್ಬಿದ ಗುಂಡಿ ಕೊರೆದು ಕಾಂಕ್ರೀಟು ತುಂಬುವ ಪೈಲುಗಳನ್ನು ರೂಪಿಸಿದೆ. ಬೆಂಗಳೂರಿನಲ್ಲಿ ಸಮಸ್ಯೆ ಬೇರೆ. ಕೆರೆಯಂಗಳ, ಹಳೆಯ ಕಲ್ಲುಕ್ವಾರಿ ತುಂಬಿಸಿ ಮಾಡಿದ ಬಡಾವಣೆಗಳಲ್ಲಿ ಪಕ್ಕಪಕ್ಕದ ಎರಡು ನಿವೇಶನಗಳ ಗಟ್ಟಿ ನೆಲ ಬೇರೆಬೇರೆ ಆಳದಲ್ಲಿರಬಹುದು. ದರ ಮಾತಾಡುವ ಮೊದಲು ನಿವೇಶನದ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ಎಂಜಿನಿಯರಿಗೆ ತೋರಿಸುವುದಕ್ಕೆ ತಗಲುವ ಖರ್ಚು ಗುದ್ದಲಿ ಪೂಜೆಯ ಊಟದ ಖರ್ಚಿಗಿಂತ ಹೆಚ್ಚಲ್ಲ.

ಒಂದೇ ದರ ಎಂದರೆ ಒಂದೇ ಅಚ್ಚಿನ ಮನೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಊರದು. ಕೆಂಪುಕಲ್ಲಿನ ಗೋಡೆ, ಇಳಿಜಾರು ಮಾಡು, ಗೋಡೆಯಿಂದ ಎರಡು ಮೂರು ಅಡಿ ಮುಂಚಾಚಿದ ಸೂರು, ಇವು ಅಲ್ಲಿನ ಮಳೆಗೆ ಅಲ್ಲಿನ ಜನ ಕಂಡುಕೊಂಡ ಉತ್ತರಗಳು. ಈಗ ಅಲ್ಲಿಯೂ ಒಳನಾಡಿನ ಚಪ್ಪಟೆ ತಾರಸಿ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುತ್ತಾರೆ. ಎರಡು ಸಲ ಮಾಡು ಕಟ್ಟಿದ ಖರ್ಚು ಒಂದೇ ಮನೆಯ ಮೇಲೆ! ಇತ್ತ ಬಿಸಿಲ ನಾಡಿನಲ್ಲಿ ಪಡುವಣ ಗೋಡೆಗೆ ನೆರಳು ಕೊಡಬೇಕಾದ ಸಜ್ಜೆಗಳು ಕಿರಿದಾಗುತ್ತಾ ಬಂದಿವೆ, ಯಾಕೆಂದರೆ ಸಜ್ಜೆ ಚದರದ ಲೆಕ್ಕಕ್ಕೆ ಬರುವುದಿಲ್ಲ. ಗುತ್ತಿಗೆದಾರನಿಗೆ ಅದು ಬರೀ ಖರ್ಚು.

ಈ ಪದ್ಧತಿಯ ಬಗ್ಗೆ ನನಗೆ ಅತಿ ಹೆಚ್ಚು ನೋವಿರುವುದು ಇಲ್ಲಿ: ಒಳ್ಳೆಯ ತಂತ್ರಗಳಿಗೆ ಅದು ಬಾಗಿಲು ಮುಚ್ಚಿದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಕೇಂದ್ರ ಶುರುವಾಯಿತು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ಅದನ್ನು ನಿವೇಶನದಲ್ಲೇ ತಯಾರಿಸಬಹುದು, ಹೊರಮೈಗೆ ಗಾರೆಯ ಅಗತ್ಯವಿಲ್ಲ. ತಿರುವನಂತಪುರದಲ್ಲಿ ಲಾರಿ ಬೇಕರ್ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ರ್‍ಯಾಟ್ ಟ್ರ್ಯಾಪ್ ಬಾಂಡನ್ನು ನೂರಾರು ಮನೆಗಳಲ್ಲಿ ಬಳಸಿದರು. ಅದರಲ್ಲಿ ಸುಮಾರು ಕಾಲು ಪಾಲು ಇಟ್ಟಿಗೆ ಉಳಿಯುತ್ತದೆ, ಪೊಳ್ಳಿನ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಇವೂ ಎಲ್ಲರಿಗೂ ಒಗ್ಗುವ ಮಂತ್ರಗಳಲ್ಲ. ಮಣ್ಣಿನಲ್ಲಿ ಜೇಡಿ ಮತ್ತು ಮರಳಿನ ಪ್ರಮಾಣ ಪರೀಕ್ಷಿಸದೆ ಒತ್ತಿದ ಇಟ್ಟಿಗೆ ಉದುರುತ್ತದೆ, ಮಳೆ ಬಡಿಯುವ ಗೋಡೆಗೆ ಅಗಲ ಸೂರು ಬೇಕೇ ಬೇಕು, ಪೊಳ್ಳುಗೋಡೆಗೆ ಕೈ ಪಳಗಿದ ಗಾರೆಯವರು ಬೇಕು. ಆದರೆ ಈ ತಂತ್ರಗಳು ತಾವು ಬೆಳೆದ ಊರುಗಳ ಬಡಾವಣೆಗಳಲ್ಲೇ ಅಪರೂಪವಾಗಿ ಉಳಿದದ್ದಕ್ಕೆ ಈ ತೊಡಕುಗಳಷ್ಟೇ ಕಾರಣವೆಂದು ನಾನು ನಂಬುವುದಿಲ್ಲ. ಚದರದ ದರದಲ್ಲಿ ಗೋಡೆಯ ಉಳಿತಾಯ ಮನೆಯವರ ಕೈ ಸೇರುವುದೇ ಇಲ್ಲ. ಕೇಳಿದರೆ ‘ಅದಕ್ಕೆ ಬೇರೆ ರೇಟು’ ಎನ್ನುವ ಉತ್ತರ ಸಿಗುತ್ತದೆ. ಉಳಿಸಿದವರಿಗೆ ಉಳಿಯದಿದ್ದರೆ ಹೊಸತನ್ನು ಯಾರು ಕೇಳುತ್ತಾರೆ?

ಹಾಗಾದರೆ ಬೇರೆ ದಾರಿ? ಸರ್ಕಾರಿ ಕಾಮಗಾರಿಗಳಲ್ಲಿ ಹಿಂದಿನಿಂದ ಇರುವ ಬಾಬುವಾರು ಲೆಕ್ಕವನ್ನೇ ಮನೆಗೂ ತರಬೇಕು. ಅಗೆತ ಘನ ಅಡಿಗೆ ಇಷ್ಟು, ಕಾಂಕ್ರೀಟು ಘನ ಅಡಿಗೆ ಇಷ್ಟು, ಕಂಬಿ ಕಿಲೋಗೆ ಇಷ್ಟು, ಗಾರೆ ಚದರ ಅಡಿಗೆ ಇಷ್ಟು. ಕಟ್ಟಿದ್ದನ್ನು ಅಳೆದು ಪುಸ್ತಕದಲ್ಲಿ ಬರೆದು ಅಷ್ಟಕ್ಕೆ ಹಣ. ಪಾಯ ಆಳಕ್ಕೆ ಹೋದರೆ ಗುತ್ತಿಗೆದಾರನಿಗೆ ನಷ್ಟವಿಲ್ಲ, ಗೋಡೆ ಕಡಿಮೆಯಾದರೆ ಮನೆಯವರಿಗೆ ಉಳಿತಾಯ. ಕಂಬಿಯ ಬೆಲೆ ಏಕಾಏಕಿ ಏರಿದಾಗ ದರವನ್ನು ಹೇಗೆ ಬದಲಿಸಬೇಕೆಂದು ಮೊದಲೇ ಬರೆದಿಡಬಹುದು. ಇಲ್ಲದಿದ್ದರೆ ಆ ನಷ್ಟವನ್ನು ಗುತ್ತಿಗೆದಾರ ಕೆಲಸದಲ್ಲಿ ಕಳೆಯುತ್ತಾನೆ, ಅವನನ್ನಷ್ಟೇ ದೂರುವುದು ಸರಿಯಲ್ಲ. ಕಂತುಗಳನ್ನೂ ಹಾಗೆಯೇ ಕೆಲಸಕ್ಕೆ ಹೊಂದಿಸಬೇಕು. ಪಾಯ, ಲಿಂಟಲ್, ತಾರಸಿ ಎಂದು ಮೊದಲ ಹಂತಗಳಲ್ಲೇ ಬಹುಪಾಲು ಹಣ ಕೊಟ್ಟ ಮನೆಗಳಲ್ಲಿ ಕೊನೆಯ ಕೆಲಸಗಳು ತಿಂಗಳುಗಟ್ಟಲೆ ಎಳೆಯುತ್ತವೆ.

ಬಾಬುವಾರು ಲೆಕ್ಕಕ್ಕೆ ಪೂರ್ಣ ನಕ್ಷೆ ಬೇಕು, ಅಳೆಯಲು ಗುತ್ತಿಗೆದಾರನ ಕಡೆಯವರಲ್ಲದ ಎಂಜಿನಿಯರ್ ಬೇಕು. ಜನ ಹಿಂಜರಿಯುವುದು ಇಲ್ಲಿಯೇ. ಮೆಟ್ಟಿಲಿಗೆ ಗ್ರಾನೈಟು ಹಾಕಿಸುವ ಹಣದಲ್ಲಿ ಆ ಎಂಜಿನಿಯರ್ ಹಲವು ಸಲ ಸೈಟಿಗೆ ಬಂದು ಹೋಗಬಹುದು. ಬಚ್ಚಲಿನ ತಗ್ಗಿದ ಸ್ಲ್ಯಾಬಿಗೆ ನೀರು ತಡೆಯುವ ಲೇಪ ಹಾಕಿದ ಮೇಲೆ ಎರಡು ದಿನ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರೆ ಮಾತ್ರ ಮೇಲೆ ತುಂಬಿಸಿ ಎಂದು ಹೇಳುವವರು ಅವರೇ. ಅವರು ಸೈಟಿನಲ್ಲಿ ಇರಲೇಬೇಕಾದದ್ದು ತಾರಸಿಗೆ ಕಾಂಕ್ರೀಟು ಹಾಕುವ ಮುನ್ನಾದಿನ. ಕಂಬಿಯ ಕೆಳಗೆ 20 ಮಿಲಿಮೀಟರಿನ ಕವರ್ ಬ್ಲಾಕ್ ಕೂತಿದೆಯೇ, ಫ್ಯಾನಿನ ಮತ್ತು ವೈರಿನ ಪೈಪುಗಳು ಬಿದ್ದಿವೆಯೇ, ಸೆಂಟ್ರಿಂಗ್ ಹಲಗೆಗಳ ಸಂದಿ ಮುಚ್ಚಿದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು ಬಾಲ್ಕನಿ ನೋಡಬೇಕು. ಗೋಡೆಯಿಂದಾಚೆ ಚಾಚಿದ ಸ್ಲ್ಯಾಬಿನಲ್ಲಿ ಭಾರ ಹೊರುವ ಕಂಬಿ ಇರುವುದು ಮೇಲ್ಭಾಗದಲ್ಲಿ. ಆಳುಗಳು ಅದರ ಮೇಲೆ ನಡೆದಾಡಿ ಅದು ಕೆಳಗೆ ಕುಸಿದರೆ, ಕಂಬಿ ಎಷ್ಟೇ ದಪ್ಪವಿದ್ದರೂ ಬಾಲ್ಕನಿಗೆ ಆಸರೆ ಇರುವುದಿಲ್ಲ. ಅದನ್ನು ಎತ್ತಿ ಹಿಡಿಯುವ ಕಂಬಿಯ ಕುರ್ಚಿಗಳು ಸಾಲಾಗಿ ಕೂತಿವೆಯೇ ಎಂದು ನೋಡಲು ಮರುದಿನ ಅವಕಾಶ ಸಿಗುವುದಿಲ್ಲ.