ಗೂಡಿನೊಳಗಣ ಬೆಳಕು: ಗೂಡುದೀಪದ ರಸಿಕರಿಗೊಂದು ಕೈಪಿಡಿ

ಆಶ್ವಯುಜದ ಕೊನೆಯ ದಿನಗಳಲ್ಲಿ, ಸಂಜೆಯ ಗುಡುಗುಮಳೆ ಸುರಿದು ನಿಂತು, ಅಡಿಕೆಯ ಸೋಗೆಗಳಿಂದ ಇನ್ನೂ ಹನಿಗಳು ತೊಟ್ಟಿಕ್ಕುತ್ತಿರುವ ಹೊತ್ತಿನಲ್ಲಿ, ಪುತ್ತೂರಿನಿಂದ ಸುಳ್ಯದ ಕಡೆಗೋ ಕಡಬದ ಕಡೆಗೋ ಹೊರಟವನಿಗೆ ಮನೆಯು ಕಾಣಿಸುವುದಕ್ಕೆ ಮೊದಲು ಅದರ ಗೂಡುದೀಪವು ಕಾಣಿಸುತ್ತದೆ. ಈ ಸೀಮೆಯ ಮನೆಗಳು ಬಯಲುಸೀಮೆಯ ಊರುಗಳಂತೆ ಬೀದಿಯ ಎರಡು ಬದಿಗೆ ಒತ್ತಾಗಿ ನಿಂತವುಗಳಲ್ಲ. ಗುಡ್ಡದ ಇಳಿಜಾರಿನಲ್ಲಿ, ತಂತಮ್ಮ ತೋಟದ ನಡುವೆ, ಒಂದರಿಂದೊಂದು ದೂರವಾಗಿ ನೆಲೆಸಿದವು. ಆದುದರಿಂದ ಇಲ್ಲಿ ದೀಪಾವಳಿ ಪರ್ಬದ ರಾತ್ರಿಯ ಗೂಡುದೀಪವು ಬರಿಯ ಅಲಂಕಾರವಲ್ಲ, ಕತ್ತಲೆಯಲ್ಲಿ ಆ ಮನೆಗಿರುವ ಏಕಮಾತ್ರ ಮುಖವೇ ಅದು. ಆ ಮುಖವನ್ನು ಓದುವ ಬಗೆಯನ್ನು ಹೊಸಬರಿಗೆ ಹೇಳಿಕೊಡಬೇಕೆಂಬುದು ಈ ಬರಹದ ಉದ್ದೇಶ.

ಗೂಡು ಎಂಬ ಪದದಲ್ಲಿಯೇ ಈ ಕಲೆಯ ಅರ್ಧ ಮರ್ಮವಡಗಿದೆ. ಹಕ್ಕಿಯ ಮನೆಯೂ ಗೂಡು, ಮಣ್ಣಿನ ಗೋಡೆಯಲ್ಲಿ ಹಣತೆಯಿಡುವುದಕ್ಕೆಂದು ಬಿಟ್ಟ ಚಿಕ್ಕ ಕುಳಿಯೂ ಗೂಡು. ಗೋಡೆಯ ಗೂಡಿನಲ್ಲಿ ಗಾಳಿಗೆ ಮರೆಯಾಗಿ ಕುಳಿತಿದ್ದ ದೀಪವು ಹಬ್ಬದ ದಿನ ಅಂಗಳಕ್ಕೆ ಬರುವಾಗ ತನ್ನ ಗೂಡನ್ನೂ ಜೊತೆಗೆ ತಂದಿತೆಂದು ನಾನು ಭಾವಿಸುತ್ತೇನೆ. ದೀಪವನ್ನು ತೋರಿಸುವುದಲ್ಲ, ದೀಪವಿರುವ ಮನೆಯನ್ನು ತೋರಿಸುವುದು ಇದರ ಧರ್ಮ. ಉರಿಯೇ ಕಣ್ಣಿಗೆ ನೇರವಾಗಿ ಹೊಡೆಯುವ ಗೂಡುದೀಪವು ಎಷ್ಟು ಬೆಲೆಯದಾದರೂ ಕೆಟ್ಟ ಗೂಡುದೀಪ.

ನೋಡಲು ತಕ್ಕ ಹೊತ್ತು ಯಾವುದು? ದೀಪಾವಳಿಯ ಕಾಲಕ್ಕೆ ನಮ್ಮಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯನು ಮುಳುಗುತ್ತಾನೆ. ಅನಂತರದ ಅರ್ಧ ಗಂಟೆ, ಆಕಾಶದಲ್ಲಿ ನೀಲಿಯಿನ್ನೂ ಉಳಿದು, ಮಾಡಿನ ಅಂಚು ಮಾತ್ರ ಕಪ್ಪಾಗುವ ಸಮಯ, ಎಲ್ಲಕ್ಕಿಂತ ಶ್ರೇಷ್ಠ. ಆಗ ಕಾಗದದ ಬಣ್ಣವೂ ಕಾಣುತ್ತದೆ, ಒಳಗಣ ಬೆಳಕೂ ಕಾಣುತ್ತದೆ. ಪೂರ್ತಿ ಕತ್ತಲಾದ ಮೇಲೆ ಬೆಳಕೊಂದೇ ಉಳಿದು ಗೂಡು ಕರಗಿಹೋಗುತ್ತದೆ. ಮೊದಲು ಅಂಗಳದ ಹೊರಗಿನಿಂದ ನೋಡಿರಿ, ಬಳಿಕ ಅದರ ಕೆಳಗೆ ನಿಂತು ತಲೆಯೆತ್ತಿ ನೋಡಿರಿ. ಬಿದಿರಿನ ಕಡ್ಡಿಗಳನ್ನು ಕಟ್ಟಿ, ಚೌಕ ಮತ್ತು ತ್ರಿಕೋನಗಳ ಮುಖಗಳನ್ನು ಕೂಡಿಸಿ, ಬಣ್ಣದ ತೆಳುಕಾಗದವನ್ನು ಮೈದಾದ ಅಂಟಿನಿಂದ ಹಚ್ಚಿ ಮಾಡಿದ ಸಾಂಪ್ರದಾಯಿಕ ಗೂಡುದೀಪದಲ್ಲಿ ನೋಡಬೇಕಾದುದು ಕೀಲುಗಳನ್ನು. ಕಡ್ಡಿಯ ನೆರಳು ಕಾಗದದ ಮೇಲೆ ಸಣ್ಣ ನೇರಗೆರೆಯಾಗಿ ಬಿದ್ದಿದ್ದರೆ ಕಟ್ಟಿದವನ ಕೈ ಪಳಗಿದ್ದು; ಸುಕ್ಕುಬಿದ್ದ ಕಾಗದವು ಬೆಳಕಿನಲ್ಲಿ ತನ್ನ ದೋಷವನ್ನು ತಾನೇ ಹೇಳಿಬಿಡುತ್ತದೆ.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಮತ್ತೊಂದು ಬಗೆಯ ಮೇಲೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ 'ನಮ್ಮ ಕುಡ್ಲ' ವಾಹಿನಿಯು ನಡೆಸುತ್ತ ಬಂದಿರುವ ಗೂಡುದೀಪ ಸ್ಪರ್ಧೆಯಲ್ಲಿ ಸಾಂಪ್ರದಾಯಿಕ, ಆಧುನಿಕ ಎಂಬವುಗಳ ಜೊತೆಗೆ ಪ್ರತಿಕೃತಿ ಎಂಬ ವಿಭಾಗವೂ ಉಂಟು. ದೇವಾಲಯವೋ ಮನೆಯೋ ಚಿಕ್ಕದಾಗಿ ಮೈದಳೆದು, ಒಳಗಿನಿಂದ ಬೆಳಗುವುದು ಈ ಬಗೆಯಲ್ಲಿ. ಇಂತಹ ಪುಟ್ಟ ಮನೆಯಲ್ಲಿ, ಮಕ್ಕಳ ಗೊಂಬೆಮನೆಯಲ್ಲಿ ಹೇಗೋ ಹಾಗೆಯೇ, ಬಾಗಿಲು ಕಿಟಕಿಗಳ ಕೆತ್ತನೆಗೆ ಎಲ್ಲರೂ ಮೆಚ್ಚುಗೆ ಸೂಚಿಸುತ್ತಾರೆ, ಬೆಳಕಿನ ಸತ್ಯವನ್ನು ಪರೀಕ್ಷಿಸುವವರು ವಿರಳ. ರಸಿಕನು ಕೇಳಬೇಕಾದ ಪ್ರಶ್ನೆ ಒಂದೇ: ಈ ಚಾವಡಿಯಲ್ಲಿ ದೀಪವನ್ನು ಎಲ್ಲಿಟ್ಟಿದ್ದಾರೆ?

ನಮ್ಮ ಹಳೆಯ ಮನೆಗಳಲ್ಲಿ ಬೆಳಕು ಮೇಲಿನಿಂದ ಸುರಿಯುತ್ತಿರಲಿಲ್ಲ. ಹಣತೆಯೋ ಚಿಮಿಣಿ ದೀಪವೋ ನೆಲದ ಮೇಲೆ ಅಥವಾ ಗೋಡೆಯ ಗೂಡಿನಲ್ಲಿರುತ್ತಿದ್ದುದರಿಂದ, ಕುಳಿತವರ ಮುಖ ಬೆಳಗಿ ನಿಂತವರ ಮುಖ ಮಬ್ಬಾಗಿರುತ್ತಿತ್ತು, ನೆರಳುಗಳು ಗೋಡೆಯನ್ನೇರಿ ಅಟ್ಟದ ತೊಲೆಗಳವರೆಗೆ ಬೆಳೆಯುತ್ತಿದ್ದವು. ಕಾವಿ ಬಳಿದ ನೆಲದಿಂದ ಮರಳಿದ ಕಿರಣವು ಸುಣ್ಣದ ಗೋಡೆಯ ಕೆಳಭಾಗಕ್ಕೆ ತುಸು ಕೆಂಪನ್ನು ಹಚ್ಚುತ್ತಿತ್ತು. ಕೋಣೆಯ ಗೋಡೆಯು ಮಾಡನ್ನು ಮುಟ್ಟದಿರುವ ಹೆಂಚಿನ ಮನೆಗಳಲ್ಲಿ ಪಕ್ಕದ ಕೋಣೆಯ ಬೆಳಕು ಗೋಡೆಯನ್ನು ದಾಟಿ ಪಕಾಸುಗಳ ಮೇಲೆ ಮಾತ್ರ ಮಂಕಾಗಿ ಆಡುತ್ತಿತ್ತು. ನರಕಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನಕ್ಕೆಂದು ಹಂಡೆಯ ಕೆಳಗೆ ಹಾಕಿದ ಬೆಂಕಿಯು ಬಚ್ಚಲಿನ ಬಾಗಿಲಿನಿಂದ ಅಂಗಳಕ್ಕೆ ಚಾಚುತ್ತಿದ್ದ ಆ ಕೆಂಪು ಪಟ್ಟಿಯನ್ನು ಬಾಲ್ಯದಲ್ಲಿ ಕಂಡವರು ಮರೆಯಲಾರರು. ಪ್ರತಿಕೃತಿಯನ್ನು ಕಟ್ಟುವವನು ಇವುಗಳಲ್ಲಿ ಒಂದನ್ನಾದರೂ ಹಿಡಿದಿದ್ದರೆ ಅವನನ್ನು ಕಲಾವಿದನೆನ್ನಿರಿ. ಗೋಡೆಯ ಗೂಡಿನ ಮೇಲ್ಭಾಗದಲ್ಲಿ, ವರುಷಗಳ ದೀಪ ಕಟ್ಟಿದ ಮಸಿಯನ್ನು ಬೆರಳುಗುರಿನಷ್ಟು ಬಳಿದಿದ್ದರೆ, ಅವನಿಗೆ ನಮಸ್ಕರಿಸಿರಿ. ಆ ಮಸಿಯು ದೀಪವು ಆರಿದಾಗಲೂ ದೀಪವಿದ್ದುದನ್ನು ಹೇಳುತ್ತದೆ.

ಇಲ್ಲಿ ತುಸು ಗಣಿತವೂ ಬೇಕಾಗುತ್ತದೆ. ಬೆಳಕಿನ ಪ್ರಖರತೆಯು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ಅಡಿಗೆ ಒಂದು ಅಂಗುಲದ, ಎಂದರೆ ಹನ್ನೆರಡರಲ್ಲಿ ಒಂದು ಪಾಲಿನ ಮಾನದಲ್ಲಿ ಮನೆಯನ್ನು ಕುಗ್ಗಿಸಿ, ದೀಪವನ್ನು ಮಾತ್ರ ಕುಗ್ಗಿಸದೆ ಇಟ್ಟರೆ, ಗೋಡೆಯ ಮೇಲೆ ಬೀಳುವ ಬೆಳಕು 144 ಪಟ್ಟಾಗುತ್ತದೆ. ಗೊಂಬೆಮನೆಯೊಳಗೆ ಸಾಮಾನ್ಯ ಬಲ್ಬನ್ನು ಹಾಕಿದೊಡನೆ ಅದು ಮನೆಯಾಗಿ ತೋರದೆ ಅಂಗಡಿಯ ಗಾಜುಪೆಟ್ಟಿಗೆಯಾಗಿ ತೋರುವುದಕ್ಕೆ ಕಾರಣವಿದು. ಅಕ್ಕಿಕಾಳಿನಷ್ಟು ಚಿಕ್ಕ ಬಲ್ಬು, ಅದನ್ನೂ ಮಂದಗೊಳಿಸಿ, ಕಂಬದ ಅಥವಾ ದಾರಂದದ ಮರೆಯಲ್ಲಿರಿಸಿದರೆ ಮಾತ್ರ ಅಳತೆಯು ಕೂಡಿಬರುತ್ತದೆ. ಬಣ್ಣದ ವಿಷಯವೂ ಹಾಗೆಯೇ. ಎಣ್ಣೆಯ ಉರಿಯ ವರ್ಣತಾಪ ಸುಮಾರು 1,900 ಕೆಲ್ವಿನ್, ಹಳೆಯ ತಂತಿಬಲ್ಬಿನದು 2,700ರ ಆಸುಪಾಸು, ಪೇಟೆಯ ಬಿಳಿ ಎಲ್‌ಇಡಿಯದು 6,000ಕ್ಕೂ ಮೇಲು. ಹಣತೆಯ ಮನೆಯನ್ನು ಬಿಳಿ ಎಲ್‌ಇಡಿಯಿಂದ ಬೆಳಗಿಸುವುದು ಸುಳ್ಳು. ಗ್ಯಾಸ್‌ಲೈಟಿನ ಕೆಳಗೆ ನಡೆಯುವ ಯಕ್ಷಗಾನದ ರಂಗಸ್ಥಳವನ್ನು ಮಾಡಿದ್ದರೆ, ಅಲ್ಲಿ ಬಿಳುಪೇ ಸತ್ಯಕ್ಕೆ ಹತ್ತಿರ.

ಪಾಶ್ಚಾತ್ಯರಲ್ಲಿ ಈ ವಿದ್ಯೆಯು ಬಹು ಸೂಕ್ಷ್ಮವಾಗಿ ಬೆಳೆದಿದೆ. ನವದೆಹಲಿಯ ಶಿಲ್ಪಿಯಾದ ಎಡ್ವಿನ್ ಲುಟ್ಯೆನ್ಸ್ ರಾಣಿ ಮೇರಿಗೆಂದು ಕಟ್ಟಿ 1924ರಲ್ಲಿ ಮುಗಿಸಿದ, ಇಂದಿಗೂ ವಿಂಡ್ಸರ್ ಕೋಟೆಯಲ್ಲಿರುವ ಗೊಂಬೆಮನೆಯಲ್ಲಿ ವಿದ್ಯುದ್ದೀಪಗಳು ನಿಜವಾಗಿಯೇ ಉರಿಯುತ್ತಿದ್ದವು. ಆದರೆ ಅದಕ್ಕಿಂತ ನನಗೆ ಪ್ರಿಯವಾದವು ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿರುವ, ಥಾರ್ನ್ ಕೋಣೆಗಳೆಂಬ 68 ಪುಟಾಣಿ ಕೋಣೆಗಳು. ಅಲ್ಲಿ ಕಿಟಕಿಯಾಚೆಗೆ ಮರೆಯಾಗಿಟ್ಟ ದೀಪಗಳಿಂದ ಹಗಲು ಒಳಗೆ ಬರುತ್ತದೆ, ಅರೆತೆರೆದ ಬಾಗಿಲಿನಾಚೆ ಮತ್ತೊಂದು ಕೋಣೆಯೂ ಬೆಳಗುತ್ತದೆ, ಕಾಣದ ಆ ಕೋಣೆಯಿಂದಲೇ ಕಾಣುವ ಕೋಣೆಗೆ ಜೀವ ಬರುತ್ತದೆ. ಮಾಡಿನ ನಡುವೆ ಒಂದು ಗಾಜಿನ ಹೆಂಚನ್ನು ಕೂರಿಸಿ, ಅದರಿಂದ ಅಡಿಗೆಮನೆಯ ಹೊಗೆಯೊಳಗೆ ಇಳಿಯುವ ಬಿಸಿಲುಕೋಲನ್ನು ತೋರಿಸಬಲ್ಲ ನಮ್ಮವನೊಬ್ಬನು ಆ ಸಾಲಿನಲ್ಲಿ ಸಂಕೋಚವಿಲ್ಲದೆ ನಿಲ್ಲಬಹುದು.

ತಿರುಗುವ ಗೂಡುದೀಪವನ್ನು ಕಂಡರೆ ಬೇಗನೆ ಮುಂದೆ ಹೋಗಬೇಡಿರಿ. ಉರಿಯಿಂದ ಮೇಲೇರುವ ಬಿಸಿಗಾಳಿಯು ಕಾಗದದ ಚಕ್ರವನ್ನು ತಿರುಗಿಸಿ, ಅದಕ್ಕೆ ಅಂಟಿದ ಆನೆ, ಕುದುರೆ, ಪಲ್ಲಕ್ಕಿಗಳ ನೆರಳುಗಳನ್ನು ಹೊರಗಣ ಕಾಗದದ ಮೇಲೆ ಮೆರವಣಿಗೆ ಹೊರಡಿಸುತ್ತದೆ. ತಂಪಾದ ಎಲ್‌ಇಡಿಗೆ ಆ ಶಕ್ತಿಯಿಲ್ಲದುದರಿಂದ ಈಗ ಮೋಟಾರನ್ನು ಇಡುತ್ತಾರೆ. ಮೋಟಾರಿನ ಮೆರವಣಿಗೆಯು ಒಂದೇ ಹದದಲ್ಲಿ ಸಾಗುತ್ತದೆ. ಉರಿಯದು ಗಾಳಿ ಬೀಸಿದಾಗ ತಡವರಿಸಿ, ತಂಗಿ, ಮತ್ತೆ ಹೊರಡುತ್ತದೆ. ನನ್ನದು ಉರಿಯ ಪಕ್ಷ.

ಇಷ್ಟನ್ನು ತಿಳಿದವರು ಕಾರ್ತಿಕದ ಅಮಾವಾಸ್ಯೆಗೆ ಕುಕ್ಕೆ ಸುಬ್ರಹ್ಮಣ್ಯದ ಲಕ್ಷದೀಪೋತ್ಸವಕ್ಕೂ ಹೋಗಿಬರಲಿ. ಲಕ್ಷ ದೀಪಗಳನ್ನು ಕಂಡ ಕಣ್ಣಿಗೆ ಒಂಟಿ ಗೂಡುದೀಪದ ಬೆಲೆಯು ಇನ್ನಷ್ಟು ತಿಳಿಯುತ್ತದೆ. ಮನೆಯ ಯಜಮಾನರಲ್ಲಿ ನನ್ನದೊಂದು ಬಿನ್ನಹವಿದೆ. ಬಲೀಂದ್ರನನ್ನು ಕರೆಯುವ ಸಂಜೆ, ಮಕ್ಕಳು ಕಟ್ಟಿದ ಗೂಡುದೀಪವನ್ನು ಮಾಡಿನಂಚಿಗೆ ಏರಿಸಿದ ಮೇಲೆ, ಅಂಗಳದ ಟ್ಯೂಬ್‌ಲೈಟನ್ನು ದಯವಿಟ್ಟು ಅರ್ಧ ಗಂಟೆ ಆರಿಸಿಡಿರಿ.